ಬಸ್ಸಿನ ಬೋರ್ಡು ಓದಿದ ಅಮ್ಮ

ಮಾನ್ಯರೇ,

ಮೊನ್ನೆ ಬಸವನಗುಡಿಯಲ್ಲಿ ಅಮ್ಮ ದೂರದಿಂದಲೇ ಬಸ್ಸಿನ ಬೋರ್ಡು ಓದಿ, ‘ಬನಶಂಕರಿಯದು, ಬಾ’ ಎಂದು ನನ್ನನ್ನು ಎಳೆದರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮಸುಕಾಗಿ ಮೂರು ವರ್ಷ ನನ್ನ ಕೈ ಹಿಡಿದೇ ನಡೆದವರು ಅವರು. ಸಂಜೆ ಮಲ್ಲಿಗೆ ಕಟ್ಟುತ್ತಾ ಕಂದಿದ ಮೊಗ್ಗುಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು. ನನ್ನ ಕಣ್ಣು ತುಂಬಿ ಬಂತು. ಅಮ್ಮನಿಗೆ ದೃಷ್ಟಿ ಮರಳಿಸಿದ್ದು ಯಾರೋ ಪುಣ್ಯಾತ್ಮರ ಮನೆಯವರು ದುಃಖದ ನಡುವೆಯೂ ದಾನ ಕೊಟ್ಟ ಕಣ್ಣು.

2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ನಮ್ಮ ಬೆಂಗಳೂರಿನ ವೈದ್ಯರು ಅವರ ಕಾರ್ನಿಯಾಗಳ ಪದರ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಈ ವಿದ್ಯೆಗೆ ಎಷ್ಟು ಕೈಮುಗಿದರೂ ಸಾಲದು. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ಪಡೆಯಬೇಕು. ನೇತ್ರ ಬ್ಯಾಂಕಿನ ಸಂಖ್ಯೆಯನ್ನು ನಮ್ಮ ಮನೆಯ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿದ್ದೇವೆ.

– ಓರ್ವ ಓದುಗ, ಬೆಂಗಳೂರು