ಎಸ್.ಪಿ. ರಸ್ತೆಯ ಹಿರಿಯರಿಗೆ

ಕಾರ್ಯಕ್ರಮಕ್ಕೆ ಒಂದೇ ದಿನ ಉಳಿದಿತ್ತು. ಗಿಟಾರಿಗೆ ನಾನೇ ಕೂರಿಸಿದ ಹೊಸ ಹಂಬಕರ್ ಪಿಕಪ್ (ತಂತಿಗಳ ಕಂಪನವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ, ಎರಡು ಕಾಯಿಲ್ ಅಂದರೆ ತಂತಿಸುರುಳಿಗಳ ಭಾಗ) ನೆಗಡಿ ಹಿಡಿದವರಂತೆ ನುಡಿಯುತ್ತಿತ್ತು. ತಿರುಪು ತಿರುಗಿಸಿ ತಂತಿಗಳ ಹತ್ತಿರಕ್ಕೆ ಎತ್ತರಿಸಿದರೂ ಅಷ್ಟೇ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಸುಗೆಯ ಸೀಸ ಕೊಳ್ಳುತ್ತಿದ್ದ ನನ್ನನ್ನು ಪಕ್ಕದ ಆಂಪ್ಲಿಫೈಯರ್ ರಿಪೇರಿ ಅಂಗಡಿಯಿಂದ ಕರೆದವರು ನೀವೇ. ‘ಗಿಟಾರ್ ನನಗೆ ಗೊತ್ತಿಲ್ಲ, ಕಾಯಿಲ್ ಗೊತ್ತು’ ಎಂದು ಮಲ್ಟಿಮೀಟರ್ ಹಿಡಿದಿರಿ. ಸುಮಾರು 8 ಕಿಲೋ ಓಮ್ ರೋಧ ತೋರಿಸಬೇಕಾದಲ್ಲಿ 4! ಎರಡು ಕಾಯಿಲ್‌ಗಳನ್ನು ಸೇರಿಸುವ ತಂತಿಗಳ ಗಂಟು ಸರ್ಕ್ಯೂಟಿನ ಗ್ರೌಂಡಿಗೆ ತಗುಲಿ, ಒಂದು ಕಾಯಿಲ್ ಸುಮ್ಮನಾಗಿತ್ತು. ನನ್ನದೇ ಒರಟು ಬೆಸುಗೆ.

ನೀವು ಗದರಲಿಲ್ಲ. ಗಂಟು ಬಿಡಿಸಿ, ಬೆಸೆದು, ಊದಿ ಆರಿಸಿ, ಟೇಪು ಸುತ್ತಿದಿರಿ. ಸ್ಕ್ರೂಡ್ರೈವರಿನಿಂದ ಎರಡೂ ಕಾಯಿಲ್‌ಗಳ ಮೇಲೆ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಿಂದ ಎರಡು ಸಲ ‘ಟಕ್’. ನನಗೆ ಉಸಿರು ಬಂತು. ದುಡ್ಡು ಕೊಡಹೋದರೆ ಉಳಿದ ಟೇಪನ್ನೂ ಕೈಗಿಟ್ಟಿರಿ. ಹೆಸರು ಕೇಳಲು ಮರೆತೆ, ಧನ್ಯವಾದ ಸರ್.