ಆ ಮಾತು ಆಡಿದವಳು ನಾನು

ಚಿರಂಜೀವಿ ಪುಟ್ಟನಿಗೆ,

ಅತ್ತೆಯ ಆಶೀರ್ವಾದಗಳು. ನಿನ್ನ ಪತ್ರ ಮೊನ್ನೆ ಬಂತು. ಕೆಲಸದ ವಿಷಯ, ಮನೆ ಬದಲಾಯಿಸುವ ವಿಷಯ ಎಲ್ಲಾ ಓದಿದೆ. ಅದಕ್ಕೆ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಮಗಳ ಮೇಲೆ ಕೈ ಎತ್ತಿದೆ, ಹೊಡೆಯಲಿಲ್ಲ, ಆದರೆ ಆ ಕೈ ನೋಡಿದರೆ ಅಪ್ಪನ ಕೈ ಹಾಗೇ ಇತ್ತು ಅಂತ. "ಇದು ರಕ್ತದಲ್ಲೇ ಬಂದದ್ದು ಅಲ್ವಾ ಅತ್ತೆ?" ಎಂದು ಕೇಳಿದ್ದೀಯ. ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಿನ್ನ ಅಪ್ಪನ ಸಿಟ್ಟಿನ ಬಗ್ಗೆ ನಾನೇನೂ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಒಂದು ಮಾತ್ರ ಯೋಚಿಸು. ಅವನೂ ನಾನೂ ಒಂದೇ ಮನೆಯಲ್ಲಿ, ಒಬ್ಬನೇ ಅಪ್ಪನ ಏಟಿಗೆ ಹೆದರಿ ಬೆಳೆದವರು. ಅವನು ಕೂಗುವುದನ್ನು ಕಲಿತ. ನಾನು ಬಾಯಿ ಮುಚ್ಚಿಕೊಂಡು ಇರುವುದನ್ನು ಕಲಿತೆ. ಒಂದೇ ರಕ್ತ, ಒಂದೇ ಮನೆ. ಆದರೂ ಇಬ್ಬರು ಎರಡು ದಾರಿ ಹಿಡಿದೆವು.

ರಕ್ತಕ್ಕೂ ಗುಣಕ್ಕೂ ಸಂಬಂಧವೇ ಇಲ್ಲ ಅಂತ ಸುಮ್ನೆ ನಿನ್ನ ಸಮಾಧಾನಕ್ಕೆ ಹೇಳಲಾರೆ. ಸಂಬಂಧ ಇದೆ. 2015ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು. ಐವತ್ತು ವರ್ಷ ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿದ್ದರು, 1.4 ಕೋಟಿಗೂ ಹೆಚ್ಚು ಜೋಡಿಗಳು. ಎಲ್ಲ ಗುಣಲಕ್ಷಣಗಳ ಸರಾಸರಿ ತೆಗೆದಾಗ ಅನುವಂಶೀಯತೆ ಶೇಕಡಾ 49 ಬಂತು. ಇದನ್ನು ಕೇಳಿದವರು "ನೋಡಿ, ಅರ್ಧ ಮನುಷ್ಯ ಹುಟ್ಟಿನಲ್ಲೇ ತೀರ್ಮಾನವಾಗಿರುತ್ತಾನೆ" ಅಂದುಬಿಡುತ್ತಾರೆ. ಆ ಅಂಕಿ ಹೇಳುವುದು ಅದಲ್ಲ. ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಇರುತ್ತದಲ್ಲ, ಅದರಲ್ಲಿ ಜೀನ್‌ಗಳ ಪಾಲು ಎಷ್ಟು ಅನ್ನುವುದಷ್ಟೇ ಅದರ ಅರ್ಥ. ನಿನ್ನೊಬ್ಬನ ಸಿಟ್ಟಿನಲ್ಲಿ ಅಪ್ಪನದು ಎಷ್ಟು, ನಿನ್ನದು ಎಷ್ಟು ಎಂದು ಅದರಿಂದ ಯಾರೂ ಅಳೆಯಲಾರರು.

ನಿನ್ನ ಭಯಕ್ಕೆ ಇದಕ್ಕಿಂತ ಹತ್ತಿರದ ಅಂಕಿ ಇನ್ನೊಂದಿದೆ. ಏಟು ತಿಂದು ಬೆಳೆದವರು ಮುಂದೆ ತಮ್ಮ ಮಕ್ಕಳಿಗೂ ಹಾಗೇ ಮಾಡುತ್ತಾರೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. 1987ರಲ್ಲಿ ಜೋನ್ ಕೌಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ ಎಂಬ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅವರ ಅಂದಾಜಿಗೆ ಸಿಕ್ಕಿದ್ದು ನೂರಕ್ಕೆ ಮೂವತ್ತರ ಹತ್ತಿರ. ಬೇರೆ ಮನೆಗಳಿಗಿಂತ ಇದು ಜಾಸ್ತಿಯೇ, ಮುಚ್ಚಿಡುವುದಿಲ್ಲ. ಆದರೆ ಪುಟ್ಟಾ, ಉಳಿದ ಎಪ್ಪತ್ತು ಜನ ಯಾರು? ನಿನ್ನ ಹಾಗೇ ಒಂದು ದಿನ ತಮ್ಮ ಕೈ ನೋಡಿಕೊಂಡು ಹೆದರಿದವರು ಅವರಲ್ಲಿ ಎಷ್ಟು ಜನ ಇರಬಹುದು? ಎತ್ತಿದ ಕೈ ಅಪ್ಪನದು ಅನ್ನುತ್ತೀಯ. ಇಳಿಸಿದ ಕೈ ಯಾರದು ಅಂತ ನೀನು ಬರೆದಿಲ್ಲ.

ಈಗ ನನ್ನ ವಿಷಯ. ಎರಡು ರಾತ್ರಿ ನಿದ್ದೆಗೆಡಿಸಿದ್ದು ಇದೇ.

ನೀನು ಒಂಬತ್ತು ವರ್ಷದವನು. ಚದುರಂಗದಲ್ಲಿ ಸೋತೆ ಅಂತ ಮಣೆ ಎತ್ತಿ ಎಸೆದೆ. ಎಲ್ಲರೂ ಕೂತಿದ್ದೆವು. ಆಗ ಒಬ್ಬರು, "ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ, ಇವನು ಅಪ್ಪನ ಪಡಿಯಚ್ಚು" ಅಂದರು. ಎಲ್ಲರೂ ನಕ್ಕರು. ಹಾಗೆ ಅಂದವಳು ನಾನು. ನಿನಗೆ ಅದು ನೆನಪಿದೆಯೋ ಇಲ್ಲವೋ. ನಿನ್ನ ಪತ್ರದಲ್ಲಿ "ಪಡಿಯಚ್ಚು" ಅನ್ನುವ ಶಬ್ದ ಎರಡು ಸಲ ಬಂದಿದೆ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾವೆಲ್ಲ ನಗುತ್ತಿದ್ದಾಗ ನೀನು ಮಂಚದ ಕೆಳಗೆ ತೂರಿ ಕಾಯಿಗಳನ್ನು ಒಂದೊಂದಾಗಿ ಆರಿಸಿ ತಂದು ಇಟ್ಟೆ. ನೀನು ಎಸೆದದ್ದಕ್ಕೆ ನಾನು ಹೆಸರಿಟ್ಟೆ. ಆರಿಸಿದ್ದನ್ನು ನೋಡಿಯೂ ಸುಮ್ಮನಿದ್ದೆ.

ಅದೇ ವರ್ಷಗಳಲ್ಲಿ ನಾನು ತರಗತಿಯಲ್ಲಿ ಏನು ಹೇಳುತ್ತಿದ್ದೆ ಗೊತ್ತಾ? ಚೀನಾದ ಇಬ್ಬರು ಹಳೆಯ ಚಿಂತಕರ ಜಗಳ ಹೇಳುತ್ತಿದ್ದೆ. ಮನುಷ್ಯ ಹುಟ್ಟಿನಿಂದ ಒಳ್ಳೆಯವನು ಎಂದ ಮೆನ್ಶಿಯಸ್. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರ ಎದೆಯಾದರೂ ಝಲ್ ಅನ್ನುತ್ತದೆ, ಅದೇ ಸಾಕ್ಷಿ ಎಂದ. ಹುಟ್ಟುಗುಣ ಕೆಟ್ಟದ್ದೇ ಎಂದ ಶುನ್‌ಜಿ. ಆದರೆ ಅವನೂ ಅಲ್ಲಿಗೇ ನಿಲ್ಲಲಿಲ್ಲ. ಡೊಂಕು ಮರವನ್ನು ಹಬೆಗೆ ಹಿಡಿದು, ಅಚ್ಚಿಗೆ ಕಟ್ಟಿದರೆ ನೆಟ್ಟಗಾಗುತ್ತದೆ ಎಂದ. ಗುಣ ಕೆಟ್ಟದ್ದು ಎಂದು ವಾದಿಸಿದವನೇ ಅದು ಬದಲಾಗುತ್ತದೆ ಎಂದು ಅಷ್ಟು ಬಲವಾಗಿ ನಂಬಿದ್ದ. ಇದನ್ನೆಲ್ಲ ಬೇರೆಯವರ ಮಕ್ಕಳಿಗೆ ಹೇಳಿ, ಮನೆಗೆ ಬಂದು ನಿನಗೆ ಆ ಗಾದೆ ಹೇಳಿದೆ.

ಇನ್ನೊಂದು ಅಧ್ಯಯನದ ಬಗ್ಗೆಯೂ ಪಾಠ ಮಾಡುತ್ತಿದ್ದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಯವರು ನಲವತ್ತು ವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ ಎಲ್ಲ ಇದ್ದ ಮನೆಗಳಲ್ಲಿ ಬೆಳೆದವರಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಹೆಚ್ಚಿನವರು ಮೂವತ್ತು ದಾಟುವ ಹೊತ್ತಿಗೆ ಸರಿಹೋಗಿದ್ದರು. ಚೆನ್ನಾಗಿ ಬೆಳೆದ ಮಕ್ಕಳಿಗೆ ಒಬ್ಬರಾದರೂ ನೆಚ್ಚಿಕೊಳ್ಳುವ ದೊಡ್ಡವರು ಇದ್ದರು. ಅಜ್ಜಿಯೋ, ಅತ್ತೆಯೋ, ಮೇಷ್ಟರೋ. ಅತ್ತೆ ಎಂದು ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ನಾನು ರಜೆಗೆ ಬರುತ್ತಿದ್ದೆ. ಗಲಾಟೆ ಶುರುವಾದರೆ ಒಂದು ದಿನ ಮೊದಲೇ ಹೊರಟುಬಿಡುತ್ತಿದ್ದೆ. ನೀನು ಬಾಗಿಲ ಹತ್ತಿರ ನಿಂತಿರುತ್ತಿದ್ದೆ.

ಏನಾದರೂ ಉಪಾಯ ಹೇಳಿ ಎಂದೂ ಕೇಳಿದ್ದೀಯ. ಮಕ್ಕಳನ್ನು ಬೆಳೆಸಿದವಳಲ್ಲ ನಾನು, ಹೇಳಲು ಸಂಕೋಚ. ನಿನ್ನ ಪತ್ರದ ಮೊದಲ ಪುಟದಲ್ಲೇ, ಬೇರೆ ಯಾವುದೋ ಮಾತಿನ ನಡುವೆ, ಆ ಬೆಳಗ್ಗೆ ಆಫೀಸಿಗೆ ತಡವಾಗಿತ್ತು ಅಂತ ಬರೆದಿದ್ದೀಯ. ಅದನ್ನು ಎತ್ತಿದ ಕೈ ಜೊತೆ ಸೇರಿಸಿ ನೋಡಿಲ್ಲ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಒಂದು ಅಧ್ಯಯನ ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರು ಹೋಗುವ ದಾರಿಯಲ್ಲಿ ಒಬ್ಬ ನರಳುತ್ತಾ ಬಿದ್ದಿದ್ದ. ಅವಸರವಿಲ್ಲದವರಲ್ಲಿ ನೂರಕ್ಕೆ 63 ಜನ ಏನಾದರೂ ಸಹಾಯ ಮಾಡಿದರು. ತಡವಾಯಿತು ಎಂದು ಓಡುತ್ತಿದ್ದವರಲ್ಲಿ ನೂರಕ್ಕೆ 10. ಅವಸರ ಎಂಥವರನ್ನೂ ಬೇರೆ ಮಾಡಿಬಿಡುತ್ತದೆ. ಅರ್ಧ ಗಂಟೆ ಬೇಗ ಏಳು ಅನ್ನುವುದು ತೀರಾ ಸಣ್ಣ ಮಾತು, ಗೊತ್ತು. ಆದರೂ ಎದ್ದು ನೋಡು. ಸಿಟ್ಟು ಏರುತ್ತಿದೆ ಅನ್ನಿಸಿದರೆ ಪಕ್ಕದ ಕೋಣೆಗೆ ಹೋಗು. ಹೆಂಡತಿಗೆ ಈ ಭಯ ಹೇಳಿದ್ದೀಯಾ? ನನಗೆ ಬರೆಯುವ ಮೊದಲು ಅವಳಿಗೆ ಹೇಳಬೇಕಿತ್ತೇನೋ. ಆ ಕೈ ಒಮ್ಮೆಯಾದರೂ ಮಗುವಿನ ಮೇಲೆ ಬಿದ್ದರೆ ಕಾಯಬೇಡ, ಆಪ್ತಸಲಹೆಗಾರರನ್ನು ನೋಡು.

ಮಗಳಿಗೆ ಏನಾದರೂ ಹೇಳಿದೆಯಾ? ನಾಲ್ಕು ವರ್ಷದ ಮಗುವಿಗೆ ಏನು ಅರ್ಥವಾಗುತ್ತದೆ ಎಂದುಕೊಳ್ಳಬೇಡ. "ನಿನಗೆ ಹೆದರಿಕೆಯಾಯಿತು, ತಪ್ಪು ನನ್ನದು" ಅಂತ ಹೇಳು. ನಿನ್ನ ಅಪ್ಪ ಆ ಮಾತು ನಿನಗೆ ಹೇಳಲೇ ಇಲ್ಲ. ನಾನೂ ಹೇಳಿರಲಿಲ್ಲ. ಅವತ್ತು ಎಲ್ಲರ ಮುಂದೆ ನಿನ್ನ ಬಗ್ಗೆ ಆಡಿದ್ದು ಸುಳ್ಳು, ಪುಟ್ಟಾ. ಕ್ಷಮಿಸು.

ಮಗಳಿಗೆ ಹೇಳಿದ ಮೇಲೆ ಅವಳು ಏನಂದಳು ಅಂತ ನನಗೆ ಬರಿ. ಈ ಸಲ ರಜೆಗೆ ಬರುತ್ತೇನೆ, ಬೇಗ ಹೊರಡುವುದಿಲ್ಲ.

ಇಂತಿ,
ನಿನ್ನ ಅತ್ತೆ