ತಿಂಗಳಿಗೊಂದು ಗಂಟೆ ನಮ್ಮ ಶಾಲೆಗೂ ಒಬ್ಬ ವಿಜ್ಞಾನಿ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆ ಮಂಗನ ಕಾಯಿಲೆ ಬರೀ ಪಾಠದ ವಿಷಯ ಅಲ್ಲ. ಡಿಸೆಂಬರ್ ಬಂತೆಂದರೆ ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಎಂದು ಗೊತ್ತಾದರೆ ಆ ದಿಕ್ಕಿಗೆ ಯಾರೂ ಹೋಗುವುದಿಲ್ಲ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದಕ್ಕೆ ಆ ಕಾಡಿನ ಹೆಸರೇ ಇದೆ. ನಮ್ಮ ಮಕ್ಕಳಿಗೆ ಕಾಯಿಲೆ ಗೊತ್ತು. ಅದರ ಬೆನ್ನು ಹತ್ತಿ ಕೆಲಸ ಮಾಡುವ ಒಬ್ಬ ವಿಜ್ಞಾನಿಯನ್ನು ಮಾತ್ರ ಅವರು ಕಂಡಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಕಂಡರು. ನನ್ನ ಗೆಳತಿಗೆ ಪರಿಚಯವಿದ್ದ, ಈ ಕಾಯಿಲೆ ಹರಡುವ, ರಕ್ತ ಹೀರುವ ಪುಟ್ಟ ಜೀವಿ ಉಣುಗಿನ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಹೆಣ್ಣುಮಗಳು ವಿಡಿಯೋ ಕರೆಯಲ್ಲಿ ಮಾತಾಡಲು ನಮಗಾಗಿ ಒಂದು ಗಂಟೆ ಬಿಡುವು ಮಾಡಿಕೊಂಡರು. ಶಾಲೆಯ ಪ್ರೊಜೆಕ್ಟರ್, ನನ್ನ ಮೊಬೈಲಿನ ಹಾಟ್‌ಸ್ಪಾಟ್, ಒಂಬತ್ತನೇ ತರಗತಿಯ ಮಕ್ಕಳು. ಇಷ್ಟೇ ನಮ್ಮ ಏರ್ಪಾಡು.

ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮೇಡಂ, ಮಂಗ ಸತ್ತಿದ್ದು ಉಣುಗಿಗೆ ಹೇಗೆ ಗೊತ್ತಾಗುತ್ತೆ?" ಅವರು ನಕ್ಕು, ತುಂಬಾ ಒಳ್ಳೆಯ ಪ್ರಶ್ನೆ ಎಂದರು. ಪ್ರಾಣಿ ಸತ್ತ ಮೇಲೆ ಮೈ ತಣ್ಣಗಾಗುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ. ಆಗ ಉಣುಗು ಆ ಮೈ ಬಿಟ್ಟು ಇಳಿದು ಇನ್ನೊಂದನ್ನು ಹುಡುಕುತ್ತದೆ. ಸತ್ತ ಮಂಗದ ಸುತ್ತಮುತ್ತಲಿನ ಜಾಗ ಅಪಾಯ ಎನ್ನುವುದು ಅದಕ್ಕೇ. "ಓ, ಅದಕ್ಕೇ ಅಜ್ಜ ನಂಗೆ ಬೈದಿದ್ದು!" ಎಂದ ಹುಡುಗ. ಅಲ್ಲಿಂದ ಮುಂದೆ ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ನಾನು ಮರೆಯಲಾರೆ. ತರಗತಿಯಲ್ಲಿ ಹೆಸರು ಕೂಗಿದರೂ ಮೆಲ್ಲಗೆ ಉತ್ತರಿಸುವ ಒಬ್ಬ ಹುಡುಗಿ ಚೀಟಿಯಲ್ಲಿ ಬರೆದು ಕೊಟ್ಟಳು. ನಾನು ಅದನ್ನು ಚಾಟ್‌ನಲ್ಲಿ ಟೈಪ್ ಮಾಡಿದೆ. "ನೀವು ಕಾಡಿಗೆ ಹೋದಾಗ ಏನು ಕೆಲಸ ಮಾಡ್ತೀರಿ?" ಎಂದಷ್ಟೇ ಇತ್ತು. ವಿಜ್ಞಾನಿ ಒಂದು ಬಿಳಿ ಬಟ್ಟೆ ತಂದು ತೋರಿಸಿದರು. ಅದನ್ನು ಕಾಡಿನ ನೆಲದ ಮೇಲೆ, ತರಗೆಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರಂತೆ. ಯಾವುದೋ ಪ್ರಾಣಿ ಬಂತೆಂದು ಉಣುಗು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಅವನ್ನು ಚಿಮಟದಿಂದ ಹೆಕ್ಕಿ ಎಣಿಸುತ್ತಾರೆ. ಯಾವ ಜಾಗದಲ್ಲಿ ಎಷ್ಟು, ಯಾವ ತಿಂಗಳಲ್ಲಿ ಎಷ್ಟು ಎಂದು ಬರೆದಿಡುತ್ತಾರೆ. ಜನರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗು ಎಂದೂ ಹೇಳಿದರು. ಆ ಹುಡುಗಿಯ ತಾಯಿ ಕಾಡಿನಿಂದ ತರಗೆಲೆ ತರುವವರು. ಕಾಡಿನಿಂದ ಬಂದ ಕೂಡಲೇ ಅಮ್ಮ ಬಿಸಿನೀರಲ್ಲಿ ಸ್ನಾನ ಮಾಡಬೇಕು, ಬಟ್ಟೆಯನ್ನೂ ಬಿಸಿನೀರಲ್ಲೇ ಒಗೆಯಬೇಕು ಎಂದು ಮನೆಯಲ್ಲಿ ಈಗ ಅವಳದೇ ಕಾನೂನು. ಇದೇ ಮಾತನ್ನು ಆರೋಗ್ಯ ಇಲಾಖೆಯವರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ! ನಾನೂ ಹೇಳಿದ್ದೇನೆ. ಬಿಳಿ ಬಟ್ಟೆ ನೋಡಿದ ಮೇಲೆ ಅವಳಿಗೆ ಅದು ನಾಟಿತು.

ಈ ಕೆಲಸ ಹೊಸದೇನಲ್ಲ. ಬ್ರಿಟನ್ನಿನಲ್ಲಿ ಮಕ್ಕಳು ತರಗತಿಯಲ್ಲಿ ಕೂತು ಪ್ರಶ್ನೆ ಟೈಪ್ ಮಾಡುತ್ತಾರೆ, ವಿಜ್ಞಾನಿಗಳು ಆಗಲೇ ಟೈಪ್ ಮಾಡಿ ಉತ್ತರ ಕೊಡುತ್ತಾರೆ. 'ಐಯಾಮ್ ಎ ಸೈಂಟಿಸ್ಟ್' ಎಂಬ ಈ ಕಾರ್ಯಕ್ರಮ 2008ರಿಂದ ನಡೆದು ಬಂದಿದೆ. ಅಮೆರಿಕದಲ್ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ಬಗ್ಗೆ ಸಂಶೋಧನೆ ಮಾಡುವ ಸಾರಾ ಮ್ಯಾಕ್‌ಅನಲ್ಟಿ 2017ರಲ್ಲಿ 'ಸ್ಕೈಪ್ ಎ ಸೈಂಟಿಸ್ಟ್' ಶುರು ಮಾಡಿದರು. ಅದರಲ್ಲಿ ಒಂದು ತರಗತಿಗೆ ಒಬ್ಬ ವಿಜ್ಞಾನಿಯನ್ನು ಜೋಡಿಸುತ್ತಾರೆ, ಪುಕ್ಕಟೆಯಾಗಿ. ನಮ್ಮ ದೇಶದಲ್ಲೂ 2020ರ ಲಾಕ್‌ಡೌನ್ ಹೊತ್ತಿನಲ್ಲಿ ಪುಣೆಯ ಕರಿಷ್ಮಾ ಕೌಶಿಕ್ ಮತ್ತು ಸ್ನೇಹಲ್ ಕದಂ ಎಂಬ ವಿಜ್ಞಾನಿಗಳು ಮಕ್ಕಳಿಗಾಗಿ ಆನ್‌ಲೈನ್ ಮಾತುಕತೆ ಆರಂಭಿಸಿದರು. ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಪ್ರಯೋಗಾಲಯಗಳಿಗೆ ಶಾಲಾ ಮಕ್ಕಳನ್ನು ಜೋಡಿಸುವ 'ಜಿಜ್ಞಾಸಾ' ಯೋಜನೆ 2017ರಲ್ಲೇ ಬಂತು, ಆದರೆ ಅದು ಮೊದಲು ಶುರುವಾಗಿದ್ದು ಕೇಂದ್ರೀಯ ವಿದ್ಯಾಲಯಗಳ ಜೊತೆ. ನಮ್ಮಂಥ ಹಳ್ಳಿ ಶಾಲೆಯ ಬಾಗಿಲಿಗೆ ಇದ್ಯಾವುದೂ ಬಂದಿಲ್ಲ.

ಕರ್ನಾಟಕದಲ್ಲಿ ವಿಜ್ಞಾನಿಗಳಿಗೆ ಬರವೇ? ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ರಾಮನ್ ಸಂಶೋಧನಾ ಸಂಸ್ಥೆ, ಜಕ್ಕೂರಿನ ನೆಹರು ಕೇಂದ್ರ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಪುತ್ತೂರಿನ ಗೇರು ಸಂಶೋಧನಾಲಯ, ನಮ್ಮದೇ ಜಿಲ್ಲೆಯ ಕೃಷಿ ವಿಶ್ವವಿದ್ಯಾಲಯ. ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಬಾಗಿಲನ್ನು ಎಲ್ಲರಿಗೂ ತೆರೆಯುತ್ತದೆ, ಒಳ್ಳೆಯ ಕೆಲಸ. ಆದರೆ ಒಂದು ತರಗತಿಯನ್ನು ಸಾಗರದಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿಬರುವ ಬಸ್ ಖರ್ಚು ನಮ್ಮ ಪೋಷಕರ ಕೈಗೆ ಎಟುಕುವುದಿಲ್ಲ.

ಶಿಕ್ಷಣ ಇಲಾಖೆಯನ್ನೂ ಈ ಸಂಸ್ಥೆಗಳನ್ನೂ ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳಿಗೆ ಒಂದು ಗಂಟೆ, ಒಂದು ತರಗತಿಗೆ ಒಬ್ಬ ವಿಜ್ಞಾನಿ, ಮಾತು ಕನ್ನಡದಲ್ಲಿ. ಸಾವಿರ ಶಾಲೆಗಳನ್ನು ಒಟ್ಟಿಗೆ ಕೂರಿಸಿ ಮಾಡುವ ನೇರಪ್ರಸಾರ ದಯವಿಟ್ಟು ಬೇಡ. ಅದರಲ್ಲಿ ಉದ್ಘಾಟನೆ, ಸ್ವಾಗತ, ವಂದನಾರ್ಪಣೆ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಊಟದ ಗಂಟೆ ಹೊಡೆಯುತ್ತದೆ. ನಮ್ಮ ಹಿಂದಿನ ಬೆಂಚಿನ ಹುಡುಗನಿಗೆ ಅಲ್ಲಿ ಸರದಿಯೇ ಬರುವುದಿಲ್ಲ. ಮಕ್ಕಳ ಪ್ರಶ್ನೆಗಳನ್ನು ಒಂದು ವಾರ ಮೊದಲೇ ಕಳಿಸುತ್ತೇವೆ. ವಿಜ್ಞಾನಿಗಳು ಭಾಷಣ ತಯಾರು ಮಾಡಿಕೊಳ್ಳುವುದು ಬೇಡ, ತಮ್ಮ ಕೆಲಸದ ಒಂದು ವಸ್ತು ಕೈಯಲ್ಲಿ ಹಿಡಿದು ಬಂದರೆ ಸಾಕು.

ಕನ್ನಡ ಯಾಕೆ ಎಂದು ಯಾರಾದರೂ ಕೇಳಬಹುದು. "ಅದಕ್ಕೇ ಅಜ್ಜ ಬೈದಿದ್ದು" ಎಂಬ ಮಾತು ಇಂಗ್ಲಿಷಿನ ಗೋಷ್ಠಿಯಲ್ಲಿ ಹುಟ್ಟುತ್ತಿರಲಿಲ್ಲ. ಶಬ್ದಗಳಿಗೆ ಹೆದರಬೇಕಾಗಿಲ್ಲ. ವೈರಸ್, ಲ್ಯಾಬ್, ಸ್ಯಾಂಪಲ್ ಎಂದೇ ಹೇಳಲಿ, ಮಕ್ಕಳಿಗೆ ಗೊತ್ತಾಗುತ್ತದೆ.

ನೆಟ್‌ವರ್ಕ್ ತೊಂದರೆ ನಿಜ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಆದ್ದರಿಂದ ಬರವಣಿಗೆಯ ದಾರಿಯೂ ಇರಲಿ. ವಿಡಿಯೋ ನಿಂತಾಗಲೂ ಒಂದು ಸಾಲಿನ ಪ್ರಶ್ನೆ ಹೇಗಾದರೂ ದಾಟಿಹೋಗುತ್ತದೆ. ಬಾಯಿಬಿಟ್ಟು ಕೇಳಲು ನಾಚುವ ಮಕ್ಕಳಿಗೂ ಅದೇ ಒಳ್ಳೆಯದು. ಇನ್ನು ವಿಜ್ಞಾನಿಗಳಿಗೆ ಪುರುಸೊತ್ತು ಇಲ್ಲ ಎಂಬ ಮಾತು. ಆ ಒಂದು ಗಂಟೆಯನ್ನು ಸಂಸ್ಥೆಗಳು ಅವರ ಕೆಲಸದ ಲೆಕ್ಕಕ್ಕೇ ಸೇರಿಸಲಿ. ಪಿಎಚ್‌.ಡಿ. ಮಾಡುತ್ತಿರುವ ಹುಡುಗ ಹುಡುಗಿಯರು ಬಂದರೆ ಇನ್ನೂ ಚೆನ್ನ. ಅವರಲ್ಲಿ ಎಷ್ಟೋ ಜನ ಇಂಥದೇ ಶಾಲೆಗಳಿಂದ ಹೋದವರು, ಅಲ್ವಾ?

ನಮ್ಮ ತರಗತಿಯ ಪ್ರಶ್ನೆ ಪುಸ್ತಕದಲ್ಲಿ ಈಗ 43 ಪ್ರಶ್ನೆಗಳಿವೆ. ಎಲೆಚುಕ್ಕೆ ರೋಗ ಒಂದು ಅಡಿಕೆ ತೋಟಕ್ಕೆ ಬಂದು ಪಕ್ಕದ್ದಕ್ಕೆ ಬಾರದೇ ಇರುವುದು ಯಾಕೆ? ಮಿಂಚುಹುಳಗಳು ಒಂದೇ ಮರದಲ್ಲಿ ಒಟ್ಟಿಗೆ ಮಿನುಗುವುದು ಹೇಗೆ? ಶರಾವತಿ ಹಿನ್ನೀರಿನ ತಳದಲ್ಲಿ ಹಳೇ ಮರಗಳು ಇನ್ನೂ ಕೊಳೆಯದೇ ನಿಂತಿವೆಯೇ? ಇವಕ್ಕೆ ಉತ್ತರ ಹೇಳಬಲ್ಲವರು, ಅಥವಾ ಉತ್ತರ ಹುಡುಕುತ್ತಿರುವವರು ಈ ಪತ್ರ ಓದಿದರೆ ದಯವಿಟ್ಟು ಇದೇ ಪತ್ರಿಕೆಗೆ ಬರೆಯಲಿ. ಶನಿವಾರ ಬೆಳಿಗ್ಗೆ ನಾವು ಬಿಡುವಾಗಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ